ಒಂದು ದೆವ್ವದ ಚೀಟಿ

ಊರಿನ ಗ್ರಂಥಾಲಯದಲ್ಲಿ ಸಿನಿಮಾ ಡಿಸ್ಕುಗಳ ಕೌಂಟರ್ ನೋಡಿಕೊಳ್ಳುವವನಿಗೆ ಜನ ಇಟ್ಟ ಹೆಸರು ದೆವ್ವದಣ್ಣ. ಮಕ್ಕಳ ಬಾಯಲ್ಲಿ ಅದು ದೆವ್ವದ ಮಾಮ. ವಯಸ್ಸು ಐವತ್ತೆರಡು, ಮದುವೆಯಿಲ್ಲ, ಮೂಗಿನ ತುದಿಯಲ್ಲಿ ಕನ್ನಡಕ, ವರ್ಷವಿಡೀ ಅದೇ ತೋಳಿಲ್ಲದ ಸ್ವೆಟರ್. ಅಂಥ ಸಾಧು ಪ್ರಾಣಿಗೆ ಈ ಹೆಸರು ಯಾಕೆ ಬಂತೆಂದರೆ, ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬ ಹತ್ತಿರ ಬಂತೆಂದರೆ ಸಾಕು, ಅವನು ಒಂದು ಕಪಾಟಿಗೆ ಕಪ್ಪು ಬಟ್ಟೆ ಹೊದಿಸಿ, ಕಾಗದದ ಕುಂಬಳಕಾಯಿ ತೂಗುಹಾಕಿ, ದೆವ್ವದ ಸಿನಿಮಾಗಳನ್ನೆಲ್ಲ ಅಲ್ಲಿ ಜೋಡಿಸುತ್ತಿದ್ದ. ಪ್ರತಿ ಡಿಸ್ಕಿನ ಡಬ್ಬಿಯೊಳಗೆ ಅವನ ಕೈಬರಹದ ಒಂದು ಚೀಟಿ. ಅದರ ಮೇಲೆ ಒಂದರಿಂದ ಐದರವರೆಗೆ ಪುಟ್ಟ ದೆವ್ವದ ಚಿತ್ರಗಳು, ಕೆಳಗೆ ಎರಡು ಸಾಲು ಸಲಹೆ. ಒಂದು ದೆವ್ವ ಎಂದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದು. ಐದು ದೆವ್ವ ಎಂದರೆ ಗಟ್ಟಿ ಗುಂಡಿಗೆಯವರು ಮಾತ್ರ.

ಊರು ಆ ಚೀಟಿಯನ್ನು ಕಣ್ಣು ಮುಚ್ಚಿ ನಂಬುತ್ತಿತ್ತು. ಡಾಕ್ಟರ ಔಷಧಿ ಚೀಟಿಯನ್ನಾದರೂ ಎರಡು ಸಲ ಓದುತ್ತಿದ್ದರು, ಇದನ್ನು ಒಂದೇ ಸಲ. ಯಾಕೆಂದರೆ ಹದಿನೈದು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.

ಈಗ ಗುಟ್ಟು ಹೇಳಿಬಿಡೋಣ. ನಮ್ಮ ದೆವ್ವದಣ್ಣ ಮಹಾ ಪುಕ್ಕಲ. ಜೀವಮಾನದಲ್ಲಿ ಒಂದೇ ಒಂದು ದೆವ್ವದ ಸಿನಿಮಾವನ್ನೂ ಕೊನೆಯವರೆಗೆ ನೋಡಿದವನಲ್ಲ. ನೋಡುತ್ತಿದ್ದವಳು ಅವನ ಅಕ್ಕ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಟಿವಿ ಮುಂದೆ ಕೂತು, ಮಡಿಲಲ್ಲಿ ಯಾರದೋ ಲಂಗವನ್ನೋ ಪ್ಯಾಂಟನ್ನೋ ಇಟ್ಟುಕೊಂಡು ಅಂಚು ಮಡಿಸಿ ಹೊಲಿಯುತ್ತಾ ಸಿನಿಮಾ ನೋಡುವಳು. ತಮ್ಮ ಅಡುಗೆಮನೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂತಿರುವನು, ಆಗಾಗ ತಲೆ ಹೊರಗೆ ಹಾಕಿ "ಮುಗೀತಾ?" ಎನ್ನುವನು. ಅಕ್ಕನ ಲೆಕ್ಕ ಸರಳವಾಗಿತ್ತು. ಸಿನಿಮಾದಲ್ಲಿ ಎಷ್ಟು ಸಲ ಅವಳ ಕೈಯ ಸೂಜಿ ನಿಂತಿತೋ ಅಷ್ಟು ದೆವ್ವ. "ಇದಕ್ಕೆ ಎರಡು ಹಾಕು. ಮೂರನೇದು ನಿಲ್ಲಬೇಕಿತ್ತು, ಆದ್ರೆ ಆ ದೆವ್ವಕ್ಕೆ ವೇಷ ಸರಿಯಾಗಿ ಹಾಕಿಲ್ಲ, ಹೊಲಿಗೆ ಕಾಣ್ತಿತ್ತು" ಎನ್ನುವಳು. ತಮ್ಮ ಬರೆದುಕೊಳ್ಳುವನು. ಹೇಳೋದು ಪುರಾಣ, ತಿನ್ನೋದು ಬದನೇಕಾಯಿ ಅಂದರೆ ಇದೇ ತಾನೆ.

ಎರಡು ವರ್ಷದ ಹಿಂದೆ ಅಕ್ಕನ ಕಣ್ಣು ಹೋಯಿತು. ಮೊದಲು ಮಸುಕು, ಆಮೇಲೆ ಪೂರ್ತಿ. ಆದರೂ ಮಡಿಲಲ್ಲಿ ಬಟ್ಟೆ, ಕೈಯಲ್ಲಿ ಸೂಜಿ ಇರಲೇಬೇಕು. ಬೆರಳಿನಿಂದ ತಡವಿ ತಡವಿ ನೇರ ಅಂಚು ಹೊಲಿಯುವಳು. ಮೊದಲ ವರ್ಷ ಹಳೆಯ ಡಿಸ್ಕು, ಹಳೆಯ ಚೀಟಿಗಳಲ್ಲೇ ಕಪಾಟು ನಡೆಯಿತು. ಈ ವರ್ಷ ಹೊಸದಾಗಿ ಹನ್ನೆರಡು ಸಿನಿಮಾ ಬಂದವು. ಅವನು ಅಕ್ಕನಿಗೆ ಏನು ಹೇಳಿದ ಗೊತ್ತೇ? "ಲೈಬ್ರರಿಯವರು ಈ ಸಲ ಆ ಕಪಾಟೇ ಬೇಡ ಅಂದ್ಬಿಟ್ರು ಅಕ್ಕ." ಅಕ್ಕ "ಹೂಂ" ಎಂದು ಹೊಲಿಗೆ ಮುಂದುವರಿಸಿದಳು. ಅವನು ಕೌಂಟರಿನಲ್ಲಿ ಕೂತು, ಹನ್ನೆರಡು ಡಬ್ಬಿಗಳ ಮುಖಪುಟ ನೋಡಿ, ಹಿಂದಿನ ನಾಲ್ಕು ಸಾಲು ಓದಿ, ಅಂದಾಜಿನಲ್ಲಿ ದೆವ್ವಗಳನ್ನು ಬರೆದುಬಿಟ್ಟ. ರಕ್ತ ಇದ್ದದ್ದಕ್ಕೆ ನಾಲ್ಕು. ಗೊಂಬೆ ಇದ್ದದ್ದಕ್ಕೆ ಐದು. ಗೊಂಬೆ ಕಂಡರೆ ಅವನಿಗೆ ಆಗದು. ಒಂದರ ಮುಖಪುಟದಲ್ಲಿ ಹಳದಿ ಬೆಳಕಿನ ಮನೆ, ತೆರೆದ ಬಾಗಿಲು, ಹೊಸ್ತಿಲಲ್ಲಿ ನಗುತ್ತಾ ನಿಂತ ಹೆಂಗಸು. ನೋಡಿದರೆ ಹಾಲಿನ ಪುಡಿ ಜಾಹೀರಾತಿನ ಹಾಗಿತ್ತು. ಅದಕ್ಕೆ ಬರೆದ: "ಒಂದು ದೆವ್ವ. ಮಕ್ಕಳೊಂದಿಗೆ ನೋಡಿ. ಕೊನೆಗೆ ಎಲ್ಲವೂ ಸುಖಾಂತ."

ಸುಖಾಂತ ಎಂಬ ಮಾತು ಅವನಿಗೆ ಎಲ್ಲಿಂದ ಬಂತೋ, ದೇವರೇ ಬಲ್ಲ. ಸಾಲು ಖಾಲಿ ಉಳಿದಿತ್ತು, ತುಂಬಿಸಿದ.

ಹ್ಯಾಲೋವೀನಿಗೆ ಸರಿಯಾಗಿ ಒಂದು ವಾರ ಮೊದಲು, ಶನಿವಾರ, ಬಸ್ ಡ್ರೈವರ್ ಬಂದ. ಗ್ರಂಥಾಲಯದ ಎದುರಿನ ನಿಲ್ದಾಣದಲ್ಲಿ ದಿನಕ್ಕೆ ಆರು ಸಲ ನಿಲ್ಲುವ ಬಸ್ಸು ಅವನದು. ನಾಲ್ಕು ತಿಂಗಳ ಹಿಂದೆ ಅವನ ಹೆಂಡತಿ ತೀರಿಕೊಂಡಿದ್ದಳು. ಎಂಟು ವರ್ಷದ ಮಗಳು ಅಪ್ಪನ ಕೈ ಹಿಡಿದುಕೊಂಡು ನಿಂತಿದ್ದಳು. ಎಲ್ಲರೂ ಅವಳನ್ನು ಕರೆಯುವುದು ಪುಟ್ಟಿ ಅಂತ.

"ಅಣ್ಣ, ಕ್ಲಾಸಲ್ಲಿ ಎಲ್ಲಾ ಮಕ್ಕಳೂ ದೆವ್ವದ ಸಿನಿಮಾ ನೋಡ್ತಾರಂತೆ. ಇವಳಿಗೂ ಬೇಕಂತೆ. ಹೆದರಿಸೋದು ಬೇಡ. ನಮ್ಮ ಮನೆ ಪರಿಸ್ಥಿತಿ ನಿಮಗೆ ಗೊತ್ತಲ್ಲ."

ದೆವ್ವದಣ್ಣ ಆ ಹಳದಿ ಮನೆಯ ಡಿಸ್ಕನ್ನು ತೆಗೆದುಕೊಟ್ಟ.

"ನೀವು ನೋಡಿದ್ದೀರಾ ಇದನ್ನ?"

"ನೋಡ್ದೆ ಬರೀತೀನಾ? ಎರಡು ಸಲ ನೋಡಿದ್ದೀನಿ."

ಒಂದು ಸಲ ಎಂದಿದ್ದರೂ ಸುಳ್ಳೇ. ಎರಡು ಸಲ ಎಂದು ಅದಕ್ಕೆ ಒಗ್ಗರಣೆ ಬೇರೆ ಹಾಕಿದ. ಪುಟ್ಟಿ ಚೀಟಿಯನ್ನು ಗಟ್ಟಿಯಾಗಿ ಓದಿ, "ಸುಖಾಂತ ಅಂದ್ರೆ ಏನು ಮಾಮ?" ಎಂದಳು.

"ಕೊನೇಲಿ ಎಲ್ಲಾ ಒಳ್ಳೇದಾಗುತ್ತೆ ಅಂತ ಪುಟ್ಟಿ."

ಆ ವಾರವೆಲ್ಲ ಅವನು ಚೆನ್ನಾಗಿಯೇ ಉಂಡ, ಚೆನ್ನಾಗಿಯೇ ಮಲಗಿದ. ಮುಂದಿನ ಶುಕ್ರವಾರ ಮಧ್ಯಾಹ್ನ ಡ್ರೈವರ್ ಮತ್ತೆ ಬಂದ, ಒಬ್ಬನೇ, ಬಸ್ಸನ್ನು ನಿಲ್ದಾಣದಲ್ಲಿ ನಿಲ್ಲಿಸಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಇವನು ಎದ್ದು ನಿಂತು, "ಯಾಕೆ, ಡಿಸ್ಕಲ್ಲಿ ಗೀರು ಇತ್ತಾ?" ಎಂದು ಕೇಳಿದ.

"ಡಿಸ್ಕ್ ಚೆನ್ನಾಗೇ ಇದೆ ಅಣ್ಣ," ಎಂದು ಡ್ರೈವರ್ ಡಬ್ಬಿಯನ್ನು ಕೌಂಟರಿನ ಮೇಲಿಟ್ಟ. "ಇದು ವಾಪಸ್ ತಗೊಳ್ಳಿ, ಮನೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ."

ಆಮೇಲೆ ಅವನು ಹೇಳಿದ್ದು ಇಷ್ಟು. ಸಿನಿಮಾದಲ್ಲಿ ಒಬ್ಬ ಹುಡುಗಿ. ಅವಳ ಅಮ್ಮ ಸತ್ತಿದ್ದಾಳೆ. ಯಾರೋ ಮುದುಕಿ ಹೇಳುತ್ತಾಳೆ: ಏಳು ಸಂಜೆ ಬಾಗಿಲ ಚಿಲಕ ಹಾಕಬೇಡ, ಕಿಟಕಿಯಲ್ಲಿ ದೀಪ ಇಡು, ಅಮ್ಮನ ಚಪ್ಪಲಿಯನ್ನು ಮುಖ ಒಳಗಡೆಗೆ ಮಾಡಿ ಹೊಸ್ತಿಲಲ್ಲಿ ಇಡು, ಏಳನೇ ಸಂಜೆ ಅಮ್ಮ ಬರುತ್ತಾಳೆ. ಅಮ್ಮ ಬರುತ್ತಾಳೆ ಕೂಡ. ಡ್ರೈವರ್ ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿದ್ದ. ಹುಡುಗಿಯ ನೆನಪಿನಲ್ಲಿ ಬರುವ ಆ ಹೆಂಗಸು ತನ್ನ ಹೆಂಡತಿಯ ಹಾಗೇ ಕೂದಲು ಕಟ್ಟಿಕೊಳ್ಳುವುದನ್ನು ನೋಡಲಾಗದೆ ಮೊದಲೇ ಎದ್ದು ಹೋಗಿದ್ದ. "ಅಪ್ಪಾ, ಅಮ್ಮ ಬಂದ್ಲು!" ಎಂದು ಮಗಳು ಕೂಗಿದಾಗ ಓಡಿಬಂದು ಟಿವಿ ಆರಿಸಿದ. ಮುಂದೇನಾಯಿತು ಎಂದು ಅವನೂ ನೋಡಲಿಲ್ಲ, ಅವಳೂ ನೋಡಲಿಲ್ಲ.

"ಅವಳು ಹೆದರಿದ್ರೆ ಸಮಾಧಾನ ಮಾಡ್ತಿದ್ದೆ ಅಣ್ಣ. ಅವಳು ಹೆದರ್ತಾನೇ ಇಲ್ಲ, ಅದೇ ಸಂಕಟ. ಭಾನುವಾರದಿಂದ ಸಂಜೆ ಆದ್ರೆ ಸಾಕು, ಬಾಗಿಲು ತೆಗೆದಿಟ್ಟು, ಅವಳಮ್ಮನ ಚಪ್ಪಲಿ ಇಟ್ಕೊಂಡು ಕೂತ್ಬಿಡ್ತಾಳೆ. ಎದುರು ಮನೆ ಅಜ್ಜಿ ಹೇಳಿದ್ರೂ ಕೇಳಲ್ಲ. ನಾನು ಡ್ಯೂಟಿ ಮುಗಿಸಿ ಬರೋದು ಏಳು ಗಂಟೆಗೆ. ನಾಳೆ ಏಳನೇ ದಿನ." ಡ್ರೈವರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಕೊನೇಲಿ ಅಮ್ಮ ಅಲ್ಲೇ ಉಳೀತಾಳಾ, ಹೋಗ್ತಾಳಾ ಅಂತ ಕೇಳ್ತಾ ಇದ್ದಾಳೆ. ದೆವ್ವದ ಮಾಮನ್ನ ಕೇಳ್ಕೊಂಡು ಬಾ ಅಂತ ಅವಳೇ ಕಳಿಸಿದ್ದು. ನೀವು ಎರಡು ಸಲ ನೋಡಿದ್ದೀರಲ್ಲ. ಏನಾಗುತ್ತೆ ಹೇಳಿ."

ದೆವ್ವದಣ್ಣ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಇಲ್ಲಿ, ಈ ಕ್ಷಣದಲ್ಲಿ, "ನಾನು ನೋಡಿಲ್ಲ" ಎಂದುಬಿಟ್ಟಿದ್ದರೆ ಮುಗಿದಿತ್ತು. ಎರಡೇ ಪದ. ಆದರೆ ಹಿಂದೆ ಕಾಲೇಜು ಹುಡುಗಿಯರಿಬ್ಬರು ಕಪಾಟಿನ ಮುಂದೆ ನಿಂತು, ಅವನ ಚೀಟಿ ಓದಿ ನಗುತ್ತಿದ್ದರು. ಹದಿನೈದು ವರ್ಷದ ಹೆಸರು ಬೆನ್ನ ಹಿಂದೆ ನಿಂತಿತ್ತು.

"ಉಳೀತಾಳೆ," ಎಂದ. "ಅಮ್ಮ ಉಳೀತಾಳೆ."

ಡ್ರೈವರನ ಮುಖ ಬಿಳಿಚಿಕೊಂಡಿತು. "ಅಯ್ಯೋ," ಎಂದ ಮೆಲ್ಲಗೆ. "ಹೋಗ್ಬಿಡ್ತಾಳೆ ಅಂತ ನೀವು ಹೇಳ್ತೀರಿ ಅಂದ್ಕೊಂಡಿದ್ದೆ. ಸಿನಿಮಾದಲ್ಲೂ ಹೋಗ್ತಾಳೆ ಕಣೇ ಅಂತ ಹೇಳೋಕೆ ಒಂದು ದಾರಿ ಸಿಗ್ತಿತ್ತು." ಹೊರಗೆ ಯಾರೋ ಪ್ರಯಾಣಿಕರು ಕೂಗಿದರು. ಅವನು ಟೋಪಿ ಹಾಕಿಕೊಂಡು ಹೊರಟ. ಬಾಗಿಲ ಬಳಿ ತಿರುಗಿ "ಥ್ಯಾಂಕ್ಸ್ ಅಣ್ಣ" ಎಂದ.

ಆ ಥ್ಯಾಂಕ್ಸ್ ಇದೆಯಲ್ಲ, ಅದು ಕೆನ್ನೆಗೆ ಬಾರಿಸಿದ್ದರೆ ಆಗುತ್ತಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸು ಹೊರಟ ಮೇಲೆ ಅವನು ಡಬ್ಬಿ ತೆರೆದು ನೋಡಿದ. ಚೀಟಿ ಅದರಲ್ಲಿ ಇರಲಿಲ್ಲ.

ಆ ರಾತ್ರಿ ಅವನು ಉಣ್ಣಲಿಲ್ಲ, ಮಲಗಲಿಲ್ಲ. ಮಾರನೆಯ ದಿನ ಶನಿವಾರ, ಅರ್ಧ ದಿನದ ಕೆಲಸ. ಒಂದು ಗಂಟೆಗೆ ಆ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದವನು ಸ್ವೆಟರನ್ನೂ ತೆಗೆಯದೆ ಅಕ್ಕನ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಕಪಾಟು ನಿಂತಿಲ್ಲ ಎಂಬುದರಿಂದ ಹಿಡಿದು "ಉಳೀತಾಳೆ" ಎಂಬುದರವರೆಗೆ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಕಪಾಟು ಇಲ್ಲ ಅಂತ ಯಾಕೋ ಹೇಳಿದೆ ನಂಗೆ?"

"ನಿನಗೆ ಬೇಜಾರಾಗುತ್ತೆ ಅಂತ. ಕಣ್ಣು ಕಾಣಲ್ಲ, ನೋಡೋಕೆ ಆಗಲ್ಲ ಅಂತ..."

"ಬಾಯಿ ಮುಚ್ಚು. ನನ್ನ ಕಣ್ಣಿನ ಮೇಲೆ ಹಾಕ್ಬೇಡ. ನೀನು ನೋಡಿ ನಂಗೆ ಹೇಳಿದ್ರೆ ನಾನು ಲೆಕ್ಕ ಹಾಕ್ತಿರಲಿಲ್ವಾ? ಅದಕ್ಕೆ ನೀನು ನೋಡ್ಬೇಕಾಗ್ತಿತ್ತು. ನಿಂಗೆ ಭಯ. ಬೇಜಾರು ಗೀಜಾರು ಎಲ್ಲಾ ಸುಳ್ಳು." ಅವಳು ತಡವಿ ಅವನ ಹೆಗಲು ಹಿಡಿದಳು. "ತಾಯಿ ಇಲ್ಲದ ಮಗು ಕಣೋ ಅದು. ಬೇರೆ ಯಾರ ಹತ್ರನಾದ್ರೂ ಸುಳ್ಳು ಹೇಳೋಕಾಗ್ಲಿಲ್ವಾ ನಿಂಗೆ?"

ಅವನಿಗೆ ಅಳು ಬಂತು, ಅತ್ತ. ಐವತ್ತೆರಡು ವರ್ಷದ ಗಂಡಸು ಅಕ್ಕನ ಮಡಿಲಿನ ಬಟ್ಟೆಯಲ್ಲೇ ಮೂಗು ಒರೆಸಿಕೊಂಡ.

"ಅದು ಗಿರಾಕಿ ಬಟ್ಟೆ," ಎಂದಳು ಅಕ್ಕ. "ಏಳು. ಡಿಸ್ಕ್ ಹಾಕು. ನೀನು ನೋಡು, ನಂಗೆ ಹೇಳು. ಕಣ್ಣು ಮುಚ್ಚಿದ್ರೆ ನಂಗೆ ಗೊತ್ತಾಗುತ್ತೆ."

ಮಟಮಟ ಮಧ್ಯಾಹ್ನ. ಪರದೆ ಸರಿಸಿ, ಕಿಟಕಿ ತೆರೆದು, ಅಷ್ಟು ಸಾಲದೆಂದು ಲೈಟನ್ನೂ ಹಾಕಿಕೊಂಡು ಅವನು ಟಿವಿ ಮುಂದೆ ಕೂತ. ಅಕ್ಕ ಹೊಲಿಯತೊಡಗಿದಳು. "ಈಗ ಹುಡುಗಿ ದೀಪ ಹಚ್ತಿದ್ದಾಳೆ... ಈಗ ಚಪ್ಪಲಿ ತಿರುಗಿಸ್ತಿದ್ದಾಳೆ..." ಎಂದು ಅವನು ಹೇಳುತ್ತಾ ಹೋದ. ಭಯವಾಗುತ್ತಿತ್ತು, ಆದರೆ ಅದು ಹಳೆಯ ಭಯ ಅಲ್ಲ. ಆ ಹುಡುಗಿ ಬಾಗಿಲಲ್ಲಿ ಕೂತಾಗಲೆಲ್ಲ ಅವನಿಗೆ ಕಾಣುತ್ತಿದ್ದದ್ದು ಪುಟ್ಟಿ. ಏಳನೇ ಸಂಜೆ ಅಮ್ಮ ಬಂದಳು. ಮಗಳ ತಲೆ ಬಾಚಿದಳು. ಮುಖಪುಟದಲ್ಲಿದ್ದ ಹಾಗೆಯೇ ನಕ್ಕಳು. ಆಮೇಲೆ ಮಗಳ ಕೈ ಹಿಡಿದು ಎದ್ದಳು.

"ಏನಾಯ್ತು? ಯಾಕೆ ಸುಮ್ಮನಾದೆ?"

"ಅಕ್ಕ, ಅಮ್ಮ ಉಳಿಯೋಕೆ ಬಂದಿದ್ದಲ್ಲ. ಕರ್ಕೊಂಡು ಹೋಗೋಕೆ ಬಂದಿದ್ದು. ಇಬ್ಬರೂ ಹೊಸ್ತಿಲು ದಾಟಿದ್ರು. ಬಾಗಿಲು ತಾನಾಗೇ ಹಾಕ್ಕೊಳ್ತು. ಈಗ ಅಪ್ಪ ಕೆಲಸದಿಂದ ಬಂದ. ಮನೇಲಿ ಯಾರೂ ಇಲ್ಲ. ಮಗಳ ಚಪ್ಪಲಿ ಮಾತ್ರ ಇದೆ." ಅವನು ಟಿವಿ ಆರಿಸಿದ. "ಅಷ್ಟೇ. ಮುಗೀತು."

ಅಕ್ಕ ಸೂಜಿಯಿಂದ ದಾರವನ್ನೇ ಎಳೆದುಬಿಟ್ಟಳು. ಹದಿನೈದು ವರ್ಷದಲ್ಲಿ ಅವಳು ಹಾಗೆ ಮಾಡಿದ್ದನ್ನು ಅವನು ಕಂಡಿರಲಿಲ್ಲ. "ಗಂಟೆ ಎಷ್ಟು?"

"ನಾಲ್ಕೂವರೆ."

"ಇನ್ನೂ ಕೂತಿದ್ದೀಯಲ್ಲೋ! ಓಡು."

ಓಡಿದ. ಬೀದಿಯಲ್ಲಿ ಆಗಲೇ ಮಕ್ಕಳು ಬಿಳಿ ಬೆಡ್‌ಶೀಟು ಹೊದ್ದು, ಕಣ್ಣಿಗೆ ತೂತು ಕೊರೆದುಕೊಂಡು ಹ್ಯಾಲೋವೀನಿನ ಚಾಕಲೇಟು ಕೇಳುತ್ತಾ ಮನೆ ಮನೆ ಸುತ್ತುತ್ತಿದ್ದವು. "ದೆವ್ವದ ಮಾಮಾ, ನಮಗೆ ಎಷ್ಟು ದೆವ್ವ ಕೊಡ್ತೀರಾ?" ಎಂದು ಒಂದು ಮಗು ಕೂಗಿತು. ಅವನು ನಿಲ್ಲಲಿಲ್ಲ. ಡ್ರೈವರನ ಮನೆ ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಎದುರು ಮನೆ ಅಜ್ಜಿಯ ಟಿವಿ ಜೋರಾಗಿ ಕೇಳುತ್ತಿತ್ತು. ಪುಟ್ಟಿಯ ಮನೆಯ ಬಾಗಿಲು ಹಾರುಹೊಡೆದಿತ್ತು.

ಪುಟ್ಟಿ ಒಳಗೆ ಬಾಗಿಲಿಗೆ ಎದುರಾಗಿ, ನೆಲದ ಮೇಲೆ ಕಾಲು ಮಡಿಸಿ ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ತಾನೇ ಬಾಚಿಕೊಂಡಿದ್ದಳು, ಬೈತಲೆ ಸೊಟ್ಟಗಿತ್ತು. ಕಿಟಕಿಯಲ್ಲಿ ಟೇಬಲ್ ಲ್ಯಾಂಪ್ ಉರಿಯುತ್ತಿತ್ತು. ಹೊಸ್ತಿಲಲ್ಲಿ ಒಂದು ಜೊತೆ ನೀಲಿ ಚಪ್ಪಲಿ, ಮುಖ ಒಳಗಡೆಗೆ.

"ದೆವ್ವದ ಮಾಮ!" ಅವಳ ಮುಖ ಅರಳಿತು. "ನೀವೂ ನೋಡೋಕೆ ಬಂದ್ರಾ? ಉಳೀತಾಳೆ ಅಂತ ಅಪ್ಪ ಹೇಳಿದ್ರು. ಹೇಳುವಾಗ ಅಪ್ಪ ಯಾಕೋ ಅತ್ರು."

ಅವನು ಚಪ್ಪಲಿಗೆ ಕಾಲು ತಾಗದಂತೆ ದಾಟಿ ಒಳಗೆ ಹೋಗಿ ಅವಳ ಪಕ್ಕ ಕೂತ. ಏದುಸಿರು ಇಳಿಯುವವರೆಗೂ ಕಾಯಲಿಲ್ಲ. ಕಾದರೆ ಧೈರ್ಯ ಹೋಗುತ್ತದೆಂದು ಅವನಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು.

"ಪುಟ್ಟಿ, ನಾನು ಆ ಸಿನಿಮಾ ನೋಡಿರ್ಲಿಲ್ಲ."

ಅವಳು ಫ್ರಾಕಿನ ಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಚೀಟಿ ತೆಗೆದಳು. ಏಳು ದಿನದಲ್ಲಿ ಮಡಿಕೆಗಳು ಸವೆದುಹೋಗಿದ್ದವು. "ಇಲ್ಲಿ ಬರ್ದಿದೀರಲ್ಲ. ಸುಖಾಂತ ಅಂತ."

"ಸುಳ್ಳು ಬರ್ದಿದೀನಿ. ನಂಗೆ ದೆವ್ವದ ಸಿನಿಮಾ ಕಂಡ್ರೆ ಭಯ. ಡಬ್ಬಿ ಮೇಲಿನ ಚಿತ್ರ ನೋಡಿ ಬರ್ದೆ. ನಿನ್ನೆ ಅಪ್ಪನ ಹತ್ರ ಉಳೀತಾಳೆ ಅಂದಿದ್ದೂ ಸುಳ್ಳೇ. ಇವತ್ತು ನೋಡ್ದೆ. ಈಗ."

ಪುಟ್ಟಿ ಅವನನ್ನೇ ನೋಡಿದಳು. ದೊಡ್ಡವರು ಸುಳ್ಳು ಹೇಳುತ್ತಾರೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಅಮ್ಮ ಆಸ್ಪತ್ರೆಯಿಂದ ಸೋಮವಾರ ಬರ್ತಾಳೆ ಎಂದು ಎಲ್ಲರೂ ಹೇಳಿದ್ದರಲ್ಲ. ಆದರೆ ಹೇಳಿದವರಾರೂ ಆಮೇಲೆ ಬಂದು, ಅದು ಸುಳ್ಳು ಎಂದು ಒಪ್ಪಿಕೊಂಡಿರಲಿಲ್ಲ.

"ಹಾಗಾದ್ರೆ ಕೊನೇಲಿ ಏನಾಗುತ್ತೆ?"

ಇನ್ನೊಂದು ಸುಳ್ಳು ಬಾಯಿ ತುದಿಗೆ ಬಂದು ನಿಂತಿತ್ತು. ಹೋಗ್ತಾಳೆ, ಟಾಟಾ ಮಾಡಿ ಹೋಗ್ತಾಳೆ ಎಂದರಾಯಿತು. ಅವನು ಅದನ್ನು ನುಂಗಿಕೊಂಡ.

"ಅಮ್ಮ ಬರ್ತಾಳೆ. ಬಂದು ಮಗಳನ್ನ ಕರ್ಕೊಂಡು ಹೋಗ್ಬಿಡ್ತಾಳೆ. ಅಪ್ಪ ಕೆಲಸ ಮುಗಿಸಿ ಬಂದ್ರೆ ಮನೇಲಿ ಯಾರೂ ಇಲ್ಲ."

"ಅಪ್ಪ ಒಬ್ರೇನಾ?"

"ಒಬ್ರೇ."

"ಆಮೇಲೆ?"

"ಆಮೇಲೆ ಇಲ್ಲ. ಅಲ್ಲಿಗೇ ಮುಗಿಯುತ್ತೆ." ಅವನು ಹೊಸ್ತಿಲಿನ ಚಪ್ಪಲಿಗಳ ಕಡೆ ನೋಡಿದ. "ಅದು ಸಿನಿಮಾ ಪುಟ್ಟಿ. ನಿಜವಾಗ್ಲೂ ಯಾರೂ ಬರಲ್ಲ. ನಾನು ಮೊದಲೇ ಹೇಳ್ಬೇಕಿತ್ತು. ತಪ್ಪು ನಂದು. ಬೈಯಿ ಬೇಕಾದ್ರೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಆರು ಗಂಟೆವರೆಗೂ ನೋಡೋಣ," ಎಂದಳಷ್ಟೆ. "ನೀವು ಸಿನಿಮಾ ನೋಡ್ದೆ ತಪ್ಪು ಬರೆದ್ರಲ್ಲ. ಈಗ್ಲೂ ತಪ್ಪು ಹೇಳ್ತಾ ಇರಬಹುದು."

ಇಬ್ಬರೂ ತೆರೆದ ಬಾಗಿಲಿಗೆ ಎದುರಾಗಿ ಕೂತರು. ಬೆಳಕು ಇಳಿಯುತ್ತಾ ಬಂತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಪುಟ್ಟಿಯ ಬೆನ್ನು ಸೆಟೆಯಿತು, ಅವಳ ಕೈ ಬಂದು ಅವನ ಸ್ವೆಟರನ್ನು ಹಿಡಿಯಿತು. ಬಾಗಿಲಲ್ಲಿ ಬಿಳಿಯದೊಂದು ಆಕೃತಿ ಕಾಣಿಸಿತು. ಮೇಲಿನ ಮಹಡಿಯ ಹುಡುಗಿ, ಬೆಡ್‌ಶೀಟಿನೊಳಗೆ. "ಚಾಕಲೇಟು!" ಎಂದಿತು ಬೆಡ್‌ಶೀಟು. ಪುಟ್ಟಿ ಎದ್ದು ಡಬ್ಬಿಯಿಂದ ಎರಡು ತೆಗೆದುಕೊಟ್ಟು, ಬಂದು ತನ್ನ ಜಾಗದಲ್ಲಿ ಕೂತಳು.

ದೆವ್ವದಣ್ಣನಿಗೆ ಆಗ ಒಂದು ವಿಷಯ ಹೊಳೆಯಿತು. ಬಿಳಿಯದು ಕಂಡಾಗ ಅವನು ಹೆದರಿರಲಿಲ್ಲ. ಬರಲಿ ಎಂದುಕೊಂಡಿದ್ದ. ಗೊಂಬೆ ಕಂಡರೆ ಬೆವರುವ ಮನುಷ್ಯ, ಜೀವಮಾನದಲ್ಲಿ ಮೊದಲ ಸಲ, ಒಂದು ದೆವ್ವ ಬರಲಿ ಎಂದು ಮನಸಾರೆ ಬೇಡಿಕೊಳ್ಳುತ್ತಾ ಕೂತಿದ್ದ. ಬಂದು ಐದು ನಿಮಿಷ ಇದ್ದು ಹೋಗಲಿ, ಆ ಸೊಟ್ಟ ಬೈತಲೆ ಸರಿ ಮಾಡಿ ಹೋಗಲಿ.

ಗೋಡೆಯ ಗಡಿಯಾರದಲ್ಲಿ ಆರು ಹೊಡೆಯಿತು. ಆರೂ ಹತ್ತಾಯಿತು. ಆರೂಕಾಲಾಯಿತು. ಯಾರೂ ಬರಲಿಲ್ಲ.

"ಅಪ್ಪ ಒಬ್ರೇ ಇದ್ರೆ ಊಟಾನೇ ಮಾಡಲ್ಲ," ಎಂದಳು ಪುಟ್ಟಿ, ಯಾರಿಗೋ ವಿವರಿಸಿ ಹೇಳುವಂತೆ. "ನಾನು ತಟ್ಟೆ ಹಾಕಿದ್ರೆ ಮಾತ್ರ ಕೂತ್ಕೋತಾರೆ." ಎದ್ದು ಹೋಗಿ ಕಿಟಕಿಯ ದೀಪ ಆರಿಸಿದಳು. ನೀಲಿ ಚಪ್ಪಲಿಗಳನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಬಾಗಿಲ ಹತ್ತಿರ ಹೋದಳು. ಅಲ್ಲೇ ನಿಂತಳು. ಅವಳ ಭುಜ ಅಲುಗತೊಡಗಿತು.

"ಮಾಮ, ನನ್ನ ಕೈಲಿ ಆಗಲ್ಲ. ಚಿಲಕ ನೀವೇ ಹಾಕಿ. ನೀವೇ ತಾನೆ ತೆಗೆಸಿದ್ದು."

ಅವನು ಎದ್ದ. ಮಂಡಿ ಲಟ್ಟೆಂದಿತು. ಬಾಗಿಲನ್ನು ಹಿಡಿದು, ಮುಚ್ಚುವ ಮೊದಲು ಒಮ್ಮೆ ಮೆಟ್ಟಿಲ ಕಡೆ ನೋಡಿದ. ಕೆಳಗಿನವರೆಗೂ, ತಿರುವಿನವರೆಗೂ ನೋಡಿದ. ಖಾಲಿ ಮೆಟ್ಟಿಲುಗಳು, ಯಾರೋ ಬೀಳಿಸಿಕೊಂಡ ಒಂದು ಚಾಕಲೇಟು ಕಾಗದ. "ಕ್ಷಮಿಸಮ್ಮ," ಎಂದ ಆ ಖಾಲಿ ಮೆಟ್ಟಿಲುಗಳಿಗೆ, ಮಗುವಿಗೆ ಕೇಳಿಸದ ಹಾಗೆ. ಬಾಗಿಲು ಮುಚ್ಚಿ, ಚಿಲಕ ಹಾಕಿದ.